ಸ್ಥಾಪಕರು ಹೊರಟ ಮೇಲೂ ಸಂಸ್ಥೆಯ ಉದ್ದೇಶ ಉಳಿಯಬೇಕು. ಎಲ್ಲಿಂದ ಶುರು ಮಾಡಲಿ?

'ಹೊಸ ಹೊಣೆ' ಹೆಸರಿನವರು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನಿರುವ ಸಂಸ್ಥೆ ಇನ್‌ಫ್ಯೂಷನ್ ಪಂಪ್ ತಯಾರಿಸುತ್ತದೆ. ರೋಗಿಯ ರಕ್ತನಾಳಕ್ಕೆ ಗಂಟೆಗೆ ಇಷ್ಟೇ ಔಷಧಿ ಅಂತ ಅಳೆದು ಬಿಡುವ ಯಂತ್ರ ಅದು. ನಮ್ಮದು ದೊಡ್ಡ ಕಂಪನಿಯಲ್ಲ. ಎಲ್ಲರಿಗೂ ಎಲ್ಲರ ಮುಖ ಗೊತ್ತಿರುವಷ್ಟು ಜನ ಇದ್ದೇವೆ. ಕಟ್ಟಿ ಬೆಳೆಸಿದವರು ಒಬ್ಬ ಇಂಜಿನಿಯರ್ ಹೆಂಗಸು. ಅವರು ಸದ್ಯದಲ್ಲೇ ನಿವೃತ್ತರಾಗುತ್ತಿದ್ದಾರೆ. ಆ ಜಾಗಕ್ಕೆ ನನ್ನನ್ನು ಆರಿಸಿದ್ದಾರೆ.

ಅವರದ್ದು ಒಂದು ನಿಯಮ ಇದೆ. ನಾವು ಮಾರಿದ ಪಂಪ್ ಎಷ್ಟೇ ಹಳೆಯದಾಗಲಿ, ಯಾವುದಾದರೂ ಆಸ್ಪತ್ರೆ ಅದನ್ನು ಬಳಸುತ್ತಿದೆ ಅಂದರೆ ಬಿಡಿಭಾಗ ಕೊಡಲೇಬೇಕು. ಸಣ್ಣ ಆಸ್ಪತ್ರೆಗಳು ಮಾದರಿ ಬದಲಾದಾಗಲೆಲ್ಲ ಹೊಸ ಯಂತ್ರ ಕೊಳ್ಳಲು ಆಗುವುದಿಲ್ಲ. ಬಿಡಿಭಾಗ ಸಿಗದಿದ್ದರೆ ಅವರು ಸುಮ್ನೆ ಕೂರುವುದೂ ಇಲ್ಲ. ಎಲ್ಲಿಂದಲೋ ಹೊಂದಿಕೆಯಾಗದ ಬ್ಯಾಟರಿ ತಂದು ಹಾಕುತ್ತಾರೆ. ಹಾಗಾಗಿ ಹಳೆಯ ಮಾದರಿಗಳ ಮೋಟಾರು, ಗುಂಡಿಗಳ ಫಲಕ, ಬ್ಯಾಟರಿ ಎಲ್ಲವನ್ನೂ ದಾಸ್ತಾನು ಇಟ್ಟುಕೊಂಡಿದ್ದೇವೆ. ಲೆಕ್ಕದ ಪ್ರಕಾರ ಆ ವಿಭಾಗ ನಷ್ಟದಲ್ಲಿದೆ. ಆದರೂ ನಡೆಯುತ್ತಿದೆ, ಯಾಕೆಂದರೆ ಅವರು ನಡೆಸಿ ಅಂತ ಹೇಳಿದ್ದಾರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಈಗ ಒಬ್ಬ ಹೂಡಿಕೆದಾರರು ದೊಡ್ಡ ಪಾಲು ಕೊಳ್ಳಲು ಮುಂದೆ ಬಂದಿದ್ದಾರೆ. ನಮಗೂ ಹೊಸ ಮಾದರಿಗೆ ಹಣ ಬೇಕು. ಆದರೆ ಅವರು ಮೊದಲು ಬೆರಳಿಟ್ಟಿದ್ದೇ ಬಿಡಿಭಾಗದ ವಿಭಾಗದ ಮೇಲೆ. ನಮ್ಮ ಮಾರಾಟದ ಮುಖ್ಯಸ್ಥರೂ ಅವರ ಪರ. ಬಿಡಿಭಾಗ ನಿಲ್ಲಿಸಿದರೆ ಹೊಸ ಪಂಪ್ ಜಾಸ್ತಿ ಹೋಗುತ್ತವೆ ಎಂಬುದು ಅವರ ವಾದ. ಅದು ಸುಳ್ಳೂ ಅಲ್ಲ.

ಇದೇ ಹೊತ್ತಿಗೆ ಒಬ್ಬ ಸಲಹೆಗಾರರು ನಮಗೆ 'ಉದ್ದೇಶ ಮತ್ತು ಮೌಲ್ಯಗಳು' ಅಂತ ಒಂದು ಪುಟ ಬರೆದುಕೊಟ್ಟಿದ್ದಾರೆ. ಓದಲು ಚೆನ್ನಾಗಿದೆ. ಜೋಡಣೆ ವಿಭಾಗದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಇದರಲ್ಲಿ ಬಿಡಿಭಾಗದ ಮಾತೇ ಇಲ್ವಲ್ಲ" ಅಂದರು.

ಆ ಮಾತು ನನ್ನ ತಲೆಯಲ್ಲೇ ಕೂತಿದೆ. ಒಬ್ಬರ ಮನಸ್ಸಿನಲ್ಲಿದ್ದ ಉದ್ದೇಶವನ್ನು ಸಂಸ್ಥೆಯ ನಡವಳಿಕೆಯಾಗಿ ಮಾಡುವುದು ಹೇಗೆ? ನಾನು ಒಳ್ಳೆಯವನಾಗಿದ್ದರೆ ಸಾಕಾ, ಅಥವಾ ಮಾಲೀಕತ್ವದಲ್ಲೇ ಏನಾದರೂ ಬದಲಾಗಬೇಕಾ? ಹೂಡಿಕೆದಾರರ ಜೊತೆ ಕೂರುವ ಮುಂಚೆ ಏನನ್ನು ಗಟ್ಟಿ ಮಾಡಿಕೊಳ್ಳಲಿ? ಅನುಭವ ಇದ್ದವರು ಹೇಳಿ.

---

ಪರೀಕ್ಷಾ ಮೇಜು ಬರೆದದ್ದು:

ನಿಮ್ಮ ಜೋಡಣೆ ವಿಭಾಗದ ಹಿರಿಯರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಅವರನ್ನು ಬಿಡಬೇಡಿ.

ನಾನು ವೈದ್ಯಕೀಯ ಸಾಮಗ್ರಿಗಳ ಗುಣಮಟ್ಟ ಪರೀಕ್ಷೆಯಲ್ಲೇ ವೃತ್ತಿ ಜೀವನ ಕಳೆದವಳು. ಪಂಪ್ ಅಲ್ಲ, ಅದಕ್ಕೆ ಜೋಡಿಸುವ ಕೊಳವೆ, ಕನೆಕ್ಟರ್ ಇಂಥವು. ಹಾಗಾಗಿ ನನ್ನ ಉತ್ತರ ಮಾಲೀಕತ್ವಕ್ಕಿಂತ ಕೆಳಗಿನಿಂದ ಶುರುವಾಗುತ್ತದೆ. ಒಂದು ಸಂಸ್ಥೆಯ ಉದ್ದೇಶ ಗಟ್ಟಿ ಇದೆಯಾ ಅಂತ ನೋಡಲು ನಾನು ಎರಡೇ ವಿಷಯ ಕೇಳುತ್ತೇನೆ. ಅಲ್ಲಿ 'ಬೇಡ' ಅನ್ನುವ ಅಧಿಕಾರ ಯಾರಿಗಿದೆ? ಹಾಗೆ ಅಂದವರಿಗೆ ಮರುದಿನ ಏನಾಗುತ್ತದೆ?

ಮೌಲ್ಯಗಳ ಪುಟ ಎಲ್ಲರ ಹತ್ತಿರವೂ ಇರುತ್ತದೆ. ಅಮೆರಿಕದ ಎನ್ರಾನ್ ಅನ್ನುವ ಇಂಧನ ಕಂಪನಿಯ ಹತ್ತಿರವೂ ಇತ್ತು. ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ ಅಂತ ನಾಲ್ಕು ಮಾತು. 2001ರಲ್ಲಿ ಅದು ದಿವಾಳಿಯಾದಾಗ ಸಾವಿರಾರು ನೌಕರರ ಕೆಲಸ ಹೋಯಿತು, ಕಂಪನಿಯ ಷೇರಿನಲ್ಲಿಟ್ಟಿದ್ದ ನಿವೃತ್ತಿ ಉಳಿತಾಯವೂ ಹೋಯಿತು. ಸಾಲವನ್ನು ಲೆಕ್ಕದಿಂದ ಆಚೆ ಬಚ್ಚಿಡುವ ಕೆಲಸಕ್ಕೆ ಆ ನಾಲ್ಕು ಮಾತು ಅಡ್ಡ ಬರಲೇ ಇಲ್ಲ. ಅಮೆರಿಕದ್ದೇ ಆದ ವೆಲ್ಸ್ ಫಾರ್ಗೊ ಬ್ಯಾಂಕಿನ ಕಥೆ ನಿಮಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಅದು ಟಾರ್ಗೆಟ್‌ನ ಕಥೆ. ಪ್ರತಿ ಗ್ರಾಹಕರಿಗೂ ಎಂಟು ಉತ್ಪನ್ನ ಮಾರಬೇಕು ಅನ್ನುವ ಗುರಿ ಮೇಲಿನಿಂದ ಬಂತು. ಶಾಖೆಗಳಲ್ಲಿ ದಿನವೂ ಲೆಕ್ಕ ಕೇಳುತ್ತಿದ್ದರು. ಕೆಳಗಿನವರು ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಲ್ಲಿ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರೊಳಗೆ ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದರು. ಅಷ್ಟು ಜನ ಒಂದೇ ತಪ್ಪು ಮಾಡಿದ್ದಾರೆ ಅಂದರೆ ಅದನ್ನು ಒಬ್ಬೊಬ್ಬರ ಗುಣದೋಷ ಅಂತ ನಾನು ಒಪ್ಪುವುದಿಲ್ಲ. ಗುರಿ ಇಟ್ಟವರು ಆ ಗುರಿ ಏನು ಮಾಡಿಸುತ್ತಿದೆ ಅಂತ ನೋಡಬೇಕಿತ್ತು.

ಈಗ ನಾನು ಕಣ್ಣಾರೆ ಕಂಡದ್ದು. ಅದು ಮೂರು ತಿಂಗಳ ಲೆಕ್ಕ ಮುಗಿಯುವ ವಾರ. ಕನೆಕ್ಟರ್‌ಗಳ ಒಂದು ಬ್ಯಾಚ್ ಸೋರಿಕೆ ಪರೀಕ್ಷೆಗೆ ಬಂದಿತ್ತು. ಕನೆಕ್ಟರ್‌ಗೆ ಗಾಳಿ ತುಂಬಿ, ಬಾಯಿ ಮುಚ್ಚಿ, ಒತ್ತಡದ ಮುಳ್ಳು ನಿಂತಲ್ಲೇ ನಿಲ್ಲುತ್ತದಾ ಅಂತ ನೋಡುತ್ತೇವೆ. ಹೆಚ್ಚಿನವು ನಿಂತವು. ಕೆಲವದರಲ್ಲಿ ಮುಳ್ಳು ಇಳಿಯಿತು, ತುಂಬ ನಿಧಾನವಾಗಿ. ಕಣ್ಣು ಬೇರೆ ಕಡೆ ಹೋಗಿ ಬಂದರೆ ಗೊತ್ತೇ ಆಗದಷ್ಟು. ಮೇಜಿನಲ್ಲಿದ್ದ ಹುಡುಗಿ ಸಹಿ ಹಾಕಲಿಲ್ಲ. ಉತ್ಪಾದನೆಯ ಮುಖ್ಯಸ್ಥರು ಬಂದು, ಒಂದಿಷ್ಟೂ ಕೂಗಾಡದೆ, "ಇದನ್ನು ಕಳಿಸಿಬಿಡೋಣ, ಮುಂದಿನ ಬ್ಯಾಚಿನಲ್ಲಿ ಅಚ್ಚು ಸರಿ ಮಾಡೋಣ" ಅಂದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. ಅವಳ ವರ್ಷದ ಮೌಲ್ಯಮಾಪನ ಬರೆಯುವವರೂ ಅದೇ ಮುಖ್ಯಸ್ಥರು.

ಕಾರ್ಖಾನೆಯ ಮೇಲಧಿಕಾರಿಗೆ ಸುದ್ದಿ ಹೋಯಿತು. ಅವರು ಕೆಳಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. "ಇನ್ನೊಂದು ಸಲ ತೋರಿಸಮ್ಮ" ಅಂದರು. ಮುಳ್ಳು ಇಳಿಯುವುದನ್ನು ಮೂವರೂ ನೋಡಿದರು. ಆಮೇಲೆ ಅಲ್ಲೇ, ಅವಳ ಎದುರಿಗೇ, ಗ್ರಾಹಕರಿಗೆ ಫೋನ್ ಮಾಡಿ ಸರಕು ತಡವಾಗುತ್ತದೆ, ಕಾರಣ ಇದು ಅಂತ ಹೇಳಿದರು. ಹುಡುಗಿಯ ಹೆಸರು ಎತ್ತಲಿಲ್ಲ. "ನಾವು ನಿಲ್ಲಿಸಿದ್ದೇವೆ" ಅಂದರು.

ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ನಂತರ ನಡೆದದ್ದು. ಗುಣಮಟ್ಟದ ವಿಭಾಗವನ್ನು ಉತ್ಪಾದನೆಯ ಕೈಯಿಂದ ತೆಗೆದು ನೇರವಾಗಿ ಮಂಡಳಿಗೆ ವರದಿ ಮಾಡುವಂತೆ ಮಾಡಿದರು. ಆ ಸಲದ ತಡದಿಂದ ಉತ್ಪಾದನಾ ತಂಡದ ಬೋನಸ್ ಕಡಿಮೆಯಾಗದಂತೆಯೂ ನೋಡಿಕೊಂಡರು. ಎರಡನೆಯದನ್ನು ಜನ ಮರೆಯುತ್ತಾರೆ. ಸಹಿ ಹಾಕದಿದ್ದವಳಿಂದ ಪಕ್ಕದ ಮೇಜಿನವರ ಮನೆಗೆ ಹೋಗುವ ದುಡ್ಡು ಕಡಿಮೆಯಾದರೆ, ಮುಂದಿನ ಸಲ ಅವಳನ್ನು ತಡೆಯಲು ಮೇಲಧಿಕಾರಿ ಬೇಕಾಗುವುದಿಲ್ಲ. ಪಕ್ಕದವರೇ ತಡೆಯುತ್ತಾರೆ.

ಈ ಎರಡೂ ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತ ನೋಡಿ. 1986ರ ಜನವರಿ 27ರ ರಾತ್ರಿ, ರಾಕೆಟ್ ಬೂಸ್ಟರ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು ಉಡಾವಣೆ ಬೇಡ ಅಂದರು. ಅಷ್ಟು ಚಳಿಯಲ್ಲಿ ರಬ್ಬರ್ ಉಂಗುರಗಳು ಗಡುಸಾಗಿ ಸರಿಯಾಗಿ ಮುಚ್ಚಿಕೊಳ್ಳದೆ ಹೋಗಬಹುದು ಎಂಬ ಭಯ ಅವರದ್ದು. ಕಂಪನಿಯ ವ್ಯವಸ್ಥಾಪಕರು ಅವರನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಒಬ್ಬ ಹಿರಿಯ ಇಂಜಿನಿಯರಿಗೆ, ಇಂಜಿನಿಯರ್ ಟೋಪಿ ತೆಗೆದು ವ್ಯವಸ್ಥಾಪಕರ ಟೋಪಿ ಹಾಕಿಕೊಳ್ಳಿ ಅಂತ ಹೇಳಿದ್ದು ತನಿಖೆಯಲ್ಲಿ ದಾಖಲಾಗಿದೆ. ಮರುದಿನ ಬೆಳಿಗ್ಗೆ, ಹಾರಿದ 73 ಸೆಕೆಂಡಿಗೆ ಏಳು ಜನ ಹೋದರು. 'ಬೇಡ' ಅನ್ನುವ ತಿಳುವಳಿಕೆ ಆ ಕೋಣೆಯಲ್ಲಿ ಇತ್ತು. ಅದಕ್ಕೆ ಅಧಿಕಾರ ಇರಲಿಲ್ಲ.

ಟೊಯೋಟ ಕಾರ್ಖಾನೆಯಲ್ಲಿ ಇದನ್ನು ದಿನನಿತ್ಯದ ಕೆಲಸವಾಗಿ ಮಾಡಿದ್ದಾರೆ. ಯಾವ ಕೆಲಸಗಾರರಾದರೂ ದೋಷ ಕಂಡರೆ ಹಗ್ಗ ಎಳೆಯಬಹುದು. ಎಳೆದ ಕೂಡಲೇ ಇಡೀ ಜೋಡಣೆಯ ಸಾಲು ನಿಲ್ಲುವುದಿಲ್ಲ. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥರು ಓಡಿ ಬರುತ್ತಾರೆ. ಗೊತ್ತುಮಾಡಿದ ಜಾಗ ಮುಟ್ಟುವುದರೊಳಗೆ ಸರಿಯಾಗದಿದ್ದರೆ ಆಗ ನಿಲ್ಲುತ್ತದೆ. ನಿಲ್ಲಿಸುವುದಕ್ಕೆ ಅಲ್ಲಿ ಧೈರ್ಯ ಬೇಕಾಗಿಲ್ಲ. ಅದು ದಿನಾ ನಡೆಯುವ ಕೆಲಸ.

ನಿಮಗೆ ನನ್ನ ಸಲಹೆ ಇಷ್ಟು. ಸ್ಥಾಪಕಿ ಇನ್ನೂ ಇರುವಾಗಲೇ ಅವರ ಜೊತೆ ಕೂತು, ಅವರು ಇಷ್ಟು ವರ್ಷಗಳಲ್ಲಿ 'ಬೇಡ' ಅಂದ ಸಂದರ್ಭಗಳನ್ನು ಬರೆದುಕೊಳ್ಳಿ. ಯಾವ ಆರ್ಡರ್ ಬಿಟ್ಟರು, ಯಾವ ಅಗ್ಗದ ಭಾಗ ತಿರಸ್ಕರಿಸಿದರು, ಯಾವ ಗ್ರಾಹಕರ ಜೊತೆ ವ್ಯವಹಾರ ಮುರಿದುಕೊಂಡರು, ಆಗ ಎಷ್ಟು ಕಳೆದುಕೊಂಡರು. ನಿಮ್ಮ ಉದ್ದೇಶದ ಪುಟಕ್ಕೆ ಬೇಕಾದ್ದು ಆ ಸಂದರ್ಭಗಳಲ್ಲಿದೆ. ಆಮೇಲೆ ಪ್ರತಿಯೊಂದರ ಮುಂದೆ, ಇನ್ನು ಮುಂದೆ ಈ ಮಾತು ಹೇಳುವ ಅಧಿಕಾರ ಯಾರದ್ದು ಅಂತ ಒಂದು ಹುದ್ದೆಯ ಹೆಸರು ಬರೆಯಿರಿ. ಎಲ್ಲದರ ಮುಂದೆಯೂ ನಿಮ್ಮ ಹುದ್ದೆಯೇ ಬಂದರೆ, ನೀವು ಹೋದ ದಿನ ಸಂಸ್ಥೆ ಮತ್ತೆ ಇದೇ ಪ್ರಶ್ನೆ ಕೇಳುತ್ತದೆ.

---

ಷೇರು ಪುಸ್ತಕ ಬರೆದದ್ದು:

ಮೇಲಿನ ಉತ್ತರ ಪೂರ್ತಿ ಒಪ್ಪುತ್ತೇನೆ. ಆದರೆ ಹೂಡಿಕೆದಾರರು ಬಾಗಿಲಲ್ಲಿ ನಿಂತಿರುವಾಗ ಷೇರಿನ ಮಾತು ಆಡಲೇಬೇಕು. ನಾನು ಕಂಪನಿಗಳ ಷೇರು ಒಪ್ಪಂದ ಬರೆಯುವ ಕೆಲಸದಲ್ಲಿರುವವನು. ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಮತದ ಹಕ್ಕು ಕೊಟ್ಟ ಮೇಲೆ ಒಳ್ಳೆಯ ಮನಸ್ಸಿನ ಮೇಲೆ ಭರವಸೆ ಇಡಬೇಡಿ.

ಡಾನೋನ್ ಅನ್ನುವ ಫ್ರಾನ್ಸಿನ ಆಹಾರ ಕಂಪನಿಯ ಉದಾಹರಣೆ ನೋಡಿ. ಫ್ರಾನ್ಸಿನಲ್ಲಿ 2019ರ ಕಾನೂನು ಕಂಪನಿಗಳಿಗೆ ತಮ್ಮ ಸಾಮಾಜಿಕ ಉದ್ದೇಶವನ್ನು ನಿಯಮಾವಳಿಯಲ್ಲೇ ಬರೆದುಕೊಳ್ಳುವ ದಾರಿ ಮಾಡಿಕೊಟ್ಟಿತು. 2020ರಲ್ಲಿ ಡಾನೋನ್ ಹಾಗೆ ಮಾಡಿತು. ಷೇರುದಾರರಲ್ಲಿ 99%ಗಿಂತ ಹೆಚ್ಚು ಮತ ಪರವಾಗಿ ಬಿತ್ತು. ಅದರ ಮುಂದಾಳು ಎಮ್ಯಾನುಯೆಲ್ ಫೇಬರ್ ಅವರನ್ನು 2021ರ ಮಾರ್ಚ್‌ನಲ್ಲಿ ಮಂಡಳಿ ಕೆಳಗಿಳಿಸಿತು. ಷೇರಿನ ಬೆಲೆ ಪ್ರತಿಸ್ಪರ್ಧಿಗಳಿಗಿಂತ ಹಿಂದೆ ಬಿದ್ದಿತ್ತು, ಕೆಲವು ಹೂಡಿಕೆ ನಿಧಿಗಳು ಒತ್ತಡ ಹಾಕಿದ್ದವು. ನಿಯಮಾವಳಿಯ ಮಾತು ಹಾಗೇ ಉಳಿಯಿತು, ಅದನ್ನು ಮುಂದಿಟ್ಟ ಮನುಷ್ಯ ಹೊರಗೆ ಹೋದರು. ಕಂಪನಿಯ ವ್ಯವಹಾರ ಕುಂಟುತ್ತಿತ್ತು ಅನ್ನುವವರ ವಾದದಲ್ಲೂ ಹುರುಳಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಒಪ್ಪಿಗೆಯ ಮತ ಬೇರೆ, ಕಷ್ಟ ಬಂದಾಗ ಜೊತೆಗೆ ನಿಲ್ಲುವ ಮಾಲೀಕತ್ವ ಬೇರೆ.

ಇನ್ನೊಂದು ಕಡೆ ಜೈಸ್ ಇದೆ. ಸೂಕ್ಷ್ಮದರ್ಶಕ ಮಾಡುತ್ತಿದ್ದ ಜರ್ಮನಿಯ ಕಂಪನಿ. ಕಾರ್ಲ್ ಜೈಸ್ 1888ರಲ್ಲಿ ತೀರಿಕೊಂಡರು. ಅವರ ಪಾಲುದಾರ, ಭೌತವಿಜ್ಞಾನಿ ಅರ್ನ್ಸ್ಟ್ ಆಬೆ, ಮರುವರ್ಷವೇ ಒಂದು ಪ್ರತಿಷ್ಠಾನ ಹುಟ್ಟುಹಾಕಿ, 1891ರಲ್ಲಿ ತಮ್ಮ ಪಾಲನ್ನು ಅದಕ್ಕೆ ಬಿಟ್ಟುಕೊಟ್ಟರು. 1896ರಲ್ಲಿ ಅದಕ್ಕೆ ವಿವರವಾದ ನಿಯಮಾವಳಿ ಬರೆದರು. ಅದನ್ನು ಓದಿದರೆ ನನಗೆ ಇವತ್ತಿಗೂ ಗೌರವ ಹುಟ್ಟುತ್ತದೆ, ಯಾಕೆಂದರೆ ಅದರಲ್ಲಿ ದೊಡ್ಡ ಮಾತಿಗಿಂತ ಲೆಕ್ಕವೇ ಹೆಚ್ಚು. ಮೇಲಿನ ಅಧಿಕಾರಿಗಳ ಸಂಬಳ ಕೆಲಸಗಾರರ ಸರಾಸರಿ ಗಳಿಕೆಯ ಹತ್ತು ಪಟ್ಟು ಮೀರಬಾರದು. ಸಂಬಳ ಸಹಿತ ರಜೆ, ಪಿಂಚಣಿ ಕೆಲಸಗಾರರ ಹಕ್ಕು. 1900ರಲ್ಲಿ ಎಂಟು ಗಂಟೆಯ ಕೆಲಸದ ದಿನವನ್ನೂ ತಂದರು. ಆಬೆ 1905ರಲ್ಲಿ ಹೋದರು. ಎರಡು ಮಹಾಯುದ್ಧ, ದೇಶ ಎರಡಾಗಿ ಕಂಪನಿಯೂ ಎರಡಾದ ಕಾಲ, ಎಲ್ಲ ದಾಟಿ ಇವತ್ತಿಗೂ ಜೈಸ್ ಆ ಪ್ರತಿಷ್ಠಾನದ್ದೇ.

ಈಚಿನದ್ದು ಬೇಕಾದರೆ ಪ್ಯಾಟಗೋನಿಯ, ಅಮೆರಿಕದ ಉಡುಪಿನ ಕಂಪನಿ. 2022ರಲ್ಲಿ ಅದರ ಸ್ಥಾಪಕ ಇವಾನ್ ಶುನಾರ್ ಮತ್ತು ಕುಟುಂಬ ಕಂಪನಿಯನ್ನು ಮಾರಲಿಲ್ಲ, ಷೇರು ಮಾರುಕಟ್ಟೆಗೂ ತರಲಿಲ್ಲ. ಷೇರುಗಳನ್ನು ಎರಡು ಭಾಗ ಮಾಡಿದರು. ಮತದ ಹಕ್ಕಿರುವ 2% ಒಂದು ಟ್ರಸ್ಟ್‌ಗೆ ಹೋಯಿತು, ಅದರ ಕೆಲಸ ಉದ್ದೇಶ ಕಾಯುವುದು. ಮತದ ಹಕ್ಕಿಲ್ಲದ 98% ಪರಿಸರದ ಕೆಲಸ ಮಾಡುವ ಇನ್ನೊಂದು ಸಂಸ್ಥೆಗೆ ಹೋಯಿತು. ವ್ಯವಹಾರಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಲಾಭ ಅಲ್ಲಿಗೆ ಹೋಗುತ್ತದೆ. ಹಣ ಒಬ್ಬರಿಗೆ, ತೀರ್ಮಾನ ಇನ್ನೊಬ್ಬರಿಗೆ. ನೀವು ಕಲಿಯಬೇಕಾದ್ದು ಈ ಬೇರ್ಪಡಿಸುವಿಕೆಯನ್ನು.

ನಿಮ್ಮಂಥ ಸಂಸ್ಥೆಗೆ ಪ್ರತಿಷ್ಠಾನ ದೊಡ್ಡ ಮಾತಾಗಬಹುದು. ಚಿಕ್ಕ ದಾರಿಯೂ ಇದೆ. ಸ್ಥಾಪಕಿಯ ಕೈಯಲ್ಲಿ ಅಥವಾ ಒಂದು ಸಣ್ಣ ಟ್ರಸ್ಟ್‌ನ ಕೈಯಲ್ಲಿ ಒಂದು ವಿಶೇಷ ಷೇರು ಇರಲಿ. ಅದಕ್ಕೆ ಲಾಭದ ಪಾಲು ಬೇಡ, ಎರಡು ಮೂರು ವಿಷಯಗಳಲ್ಲಿ ಮಾತ್ರ ತಡೆಯುವ ಹಕ್ಕು ಸಾಕು. ಕಂಪನಿಯನ್ನು ಮಾರುವುದು, ನಿಯಮಾವಳಿಯ ಉದ್ದೇಶದ ಭಾಗ ತಿದ್ದುವುದು, ಬಿಡಿಭಾಗದ ನಿಯಮ ಕೈಬಿಡುವುದು. ಷೇರಿಗೆ ಈ ಥರ ಹಕ್ಕು ಕೊಡುವ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ರೀತಿ, ಹಾಗಾಗಿ ನಿಮ್ಮ ಕಡೆಯ ವಕೀಲರಿಂದಲೇ ಬರೆಸಿ. ಆದರೆ ಹೂಡಿಕೆಯ ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ ಇದು ಆಗಿರಬೇಕು. ಆಮೇಲೆ ಕೇಳಿದರೆ ಅದಕ್ಕೆ ಬೆಲೆ ಕಟ್ಟಿ ಕೇಳುತ್ತಾರೆ.

ಒಂದು ಎಚ್ಚರಿಕೆ. ಇಂಥ ರಚನೆ ಕೆಟ್ಟ ವ್ಯಾಪಾರವನ್ನು ಉಳಿಸುವುದಿಲ್ಲ. ಬ್ರಿಟನ್ನಿನ ಜಾನ್ ಲೂಯಿಸ್ 1929ರಿಂದ ನೌಕರರ ಪರವಾಗಿ ಟ್ರಸ್ಟ್‌ನಲ್ಲಿರುವ ಅಂಗಡಿಗಳ ಕಂಪನಿ. ಅಲ್ಲಿ ವರ್ಷದ ಬೋನಸ್ ಅನ್ನುವುದು ಎಲ್ಲರಿಗೂ ಸೇರಿದ ಹಬ್ಬ ಇದ್ದಹಾಗೆ ಇತ್ತು. 2021ರಲ್ಲಿ ಅದನ್ನು ಕೊಡಲಾಗಲಿಲ್ಲ, 1953ರ ನಂತರ ಮೊದಲ ಸಲ. ಮಾಲೀಕತ್ವ ಎಷ್ಟೇ ಒಳ್ಳೆಯದಾದರೂ ದುಡಿದರೆ ಮಾತ್ರ ಹಂಚಲು ಏನಾದರೂ ಇರುತ್ತದೆ.

---

ರಾತ್ರಿ ಪಾಳಿ ಬರೆದದ್ದು:

ನನ್ನದು ಬೇರೆ ಕಡೆಯ ಮಾತು. ನಾನು ಸೇವಾ ಸಂಸ್ಥೆಗಳಲ್ಲಿ ಶುಶ್ರೂಷಕಿಯಾಗಿ ದುಡಿದವಳು. ಉದ್ದೇಶ ಗಟ್ಟಿ ಇರುವ ಕಡೆಯೇ ಕೆಲಸಗಾರರನ್ನು ಜಾಸ್ತಿ ಹಿಂಡುವುದನ್ನು ನೋಡಿದ್ದೇನೆ.

ಅದು ಹೀಗೆ ನಡೆಯುತ್ತದೆ. ಪಾಳಿ ಮುಗಿಯುತ್ತದೆ, ಬದಲಿಗೆ ಬರಬೇಕಾದವರು ಇಲ್ಲ. ಯಾರೂ ಬಲವಂತ ಮಾಡುವುದಿಲ್ಲ. "ರೋಗಿಗಳನ್ನು ಹೇಗೆ ಬಿಟ್ಟು ಹೋಗ್ತೀಯಾ" ಅಂತ ಮಾತ್ರ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಇಲ್ಲ, ಅದಕ್ಕೇ ಅದನ್ನು ಕೇಳುತ್ತಾರೆ. ಒಂದು ಸಂಸ್ಥೆಯಲ್ಲಿ ಇದೇ ಮಾತು ಕೇಳಿ ಕೇಳಿ ಒಳ್ಳೊಳ್ಳೆಯ ಶುಶ್ರೂಷಕಿಯರು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಉಳಿದವರ ಮೇಲೆ ಇನ್ನಷ್ಟು ಭಾರ ಬಿತ್ತು. ಮುಖ್ಯಸ್ಥರು ಕೆಟ್ಟವರಲ್ಲ. ಅವರೂ ನಮ್ಮ ಜೊತೆ ನಿದ್ದೆಗೆಟ್ಟವರೇ. ತಾವು ತ್ಯಾಗ ಮಾಡಿದ್ದರಿಂದ ಎಲ್ಲರಿಂದಲೂ ಅದನ್ನೇ ಕೇಳುವ ಹಕ್ಕು ಬಂತು ಅಂದುಕೊಂಡಿದ್ದರು. ನನಗೆ ಇವತ್ತಿಗೂ ಅದು ಅನ್ಯಾಯ ಅಂತಲೇ ಅನಿಸುತ್ತದೆ.

ನಿಮ್ಮ ಸ್ಥಾಪಕಿ ರಜೆ ತೆಗೆದುಕೊಳ್ಳುತ್ತಿದ್ದರಾ? ಹಳೆಯ ಪಂಪ್ ಕೆಟ್ಟಿದೆ ಅಂತ ರಾತ್ರಿ ಫೋನ್ ಬಂದರೆ ಯಾರು ಎತ್ತುತ್ತಾರೆ? ಅವರಿಗೆ ಅದಕ್ಕೆ ಸಂಬಳ ಇದೆಯಾ, ಮರುದಿನ ವಿಶ್ರಾಂತಿ ಇದೆಯಾ? ಬಿಡಿಭಾಗದ ವಿಭಾಗ ನಷ್ಟದಲ್ಲಿದೆ ಅಂದಿರಿ. ಆ ನಷ್ಟದ ಒಂದು ಭಾಗ ಲೆಕ್ಕಕ್ಕೇ ಬರದೆ ಯಾರದೋ ಭಾನುವಾರದಲ್ಲಿ ಹೋಗುತ್ತಿರಬಹುದು. ಅದನ್ನು ಹುಡುಕಿ. ಒಂದು ಸಂಸ್ಥೆ ಬಹುಕಾಲ ಬಾಳಬೇಕಾದರೆ ಅಲ್ಲಿ ದುಡಿಯುವವರೂ ಬಹುಕಾಲ ಬಾಳಬೇಕು, ಅಲ್ವಾ?

ಉದ್ದೇಶ ಮತ್ತು ಹಣ ಒಟ್ಟಿಗೇ ಹೋಗುವಂತೆ ಕಟ್ಟಿದವರೂ ಇದ್ದಾರೆ. ಮದುರೆಯ ಅರವಿಂದ್ ಕಣ್ಣಿನ ಆಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾಯಿತು. ಡಾ. ಜಿ. ವೆಂಕಟಸ್ವಾಮಿ ಅದನ್ನು ಕಟ್ಟಿದ್ದು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ. ಹಣ ಕೊಡಬಲ್ಲವರಿಂದ ಬರುವ ಗಳಿಕೆಯಲ್ಲೇ ಕೊಡಲಾಗದವರ ಶಸ್ತ್ರಚಿಕಿತ್ಸೆಯೂ ನಡೆಯುತ್ತದೆ. ಕಣ್ಣೊಳಗೆ ಕೂರಿಸುವ ಮಸೂರ ದುಬಾರಿ ಅಂತಾದಾಗ 1992ರಲ್ಲಿ ಅದನ್ನು ತಾವೇ ತಯಾರಿಸಲು ಶುರು ಮಾಡಿದರು. ಕೆಲಸವನ್ನು ಹಂಚಿಕೊಳ್ಳುವ ರೀತಿಯಲ್ಲೂ ಯೋಚನೆ ಇದೆ. ತಪಾಸಣೆ, ಸಿದ್ಧತೆ, ಆರೈಕೆ ಎಲ್ಲ ತರಬೇತಿ ಪಡೆದ ಸಹಾಯಕಿಯರದ್ದು, ವೈದ್ಯರ ಸಮಯ ವೈದ್ಯರೇ ಮಾಡಬೇಕಾದ ಕೆಲಸಕ್ಕೆ. ವೆಂಕಟಸ್ವಾಮಿ ಅವರು 2006ರಲ್ಲಿ ತೀರಿಕೊಂಡರು, ಆಸ್ಪತ್ರೆ ಆಮೇಲೂ ಬೆಳೆದಿದೆ.

---

ಹಳೆ ಕಡತ ಬರೆದದ್ದು:

ಮೊದಲ ಉತ್ತರದಲ್ಲಿ ಮೌಲ್ಯಗಳ ಪುಟದ ಬಗ್ಗೆ ಹೇಳಿದ್ದಕ್ಕೆ ನನ್ನದೊಂದು ಸಣ್ಣ ತಕರಾರು. ಬರೆದಿಟ್ಟ ಪುಟಕ್ಕೆ ಬೆಲೆ ಇದೆ, ಅದನ್ನು ಆಗಾಗ ಕೈಗೆತ್ತಿಕೊಂಡು ಜಗಳ ಆಡಿದರೆ.

ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯಲ್ಲಿ 1943ರಲ್ಲಿ ಬರೆದ ಒಂದು ಪುಟ ಇದೆ. ಮೊದಲ ಹೊಣೆ ತಮ್ಮ ಉತ್ಪನ್ನ ಬಳಸುವವರಿಗೆ, ಷೇರುದಾರರು ಕೊನೆಗೆ. 1970ರ ದಶಕದಲ್ಲಿ ಕಂಪನಿಯ ಮುಂದಾಳು ಜೇಮ್ಸ್ ಬರ್ಕ್ ಹಿರಿಯ ವ್ಯವಸ್ಥಾಪಕರನ್ನು ಕೂರಿಸಿಕೊಂಡು, ಇದನ್ನು ನಂಬುತ್ತೀರಾ, ಇಲ್ಲದಿದ್ದರೆ ಗೋಡೆಯಿಂದ ತೆಗೆದುಬಿಡೋಣ ಅಂತ ಚರ್ಚೆಗೆ ಇಟ್ಟರು. 1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಆ ಕಂಪನಿಯ ಟೈಲೆನಾಲ್ ಅನ್ನುವ ನೋವಿನ ಔಷಧಿಯ ಕ್ಯಾಪ್ಸೂಲ್‌ಗಳಿಗೆ ಸಯನೈಡ್ ಸೇರಿಸಿ ಏಳು ಜನ ಸತ್ತರು. ಕಂಪನಿ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ತಿಂಗಳುಗಳಲ್ಲೇ ಬಾಯಿ ಮುದ್ರೆ ಒಡೆದರೆ ಗೊತ್ತಾಗುವ ಹೊಸ ಬಾಟಲಿ ತಂದಿತು. ಆ ತೀರ್ಮಾನ ಅಷ್ಟು ಬೇಗ ಆಗಲು ಹಿಂದೆ ಆಡಿದ ಆ ಜಗಳವೂ ಕಾರಣ ಅಂತ ನಾನು ನಂಬುತ್ತೇನೆ.

ಅದೇ ಕಂಪನಿ ಮುಂದೆ ಟಾಲ್ಕಂ ಪೌಡರ್ ವಿಷಯದಲ್ಲಿ ಸಾವಿರಾರು ಮೊಕದ್ದಮೆ ಎದುರಿಸಿತು ಅನ್ನುವುದೂ ನಿಜ. ಪುಟ ಅದೇ ಇತ್ತು. ಹಾಗಾಗಿ ಒಮ್ಮೆ ಬರೆದು ಬಿಟ್ಟರೆ ಸಾಲದು. ನಿಮ್ಮ ಸಲಹೆಗಾರರ ಪುಟವನ್ನು ಎಸೆಯಬೇಡಿ. ಜೋಡಣೆಯವರ ಕೈಗೆ ಕೆಂಪು ಪೆನ್ನು ಕೊಟ್ಟು ತಿದ್ದಲು ಹೇಳಿ.

---

ಹೊಸ ಹೊಣೆ ಬರೆದದ್ದು:

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ರಾತ್ರಿ ಪಾಳಿಯವರ ಪ್ರಶ್ನೆಗೆ ಮೊದಲು ಉತ್ತರ. ರಾತ್ರಿಯ ಫೋನ್ ಎತ್ತುವವರು ಇಬ್ಬರು ತಂತ್ರಜ್ಞರು, ಸರದಿಯಲ್ಲಿ. ಅವರಿಗೆ ಪ್ರತ್ಯೇಕ ಭತ್ಯೆ ಇಲ್ಲ. ಈ ಬಗ್ಗೆ ನಮ್ಮಲ್ಲಿ ಯಾರೂ ಮಾತೆತ್ತಿರಲಿಲ್ಲ. ಅದನ್ನು ಈ ತಿಂಗಳಿಂದಲೇ ಸರಿ ಮಾಡುವಂತೆ ಲೆಕ್ಕ ವಿಭಾಗಕ್ಕೆ ಹೇಳಿದ್ದೇನೆ. ಸ್ಥಾಪಕಿಯ ಜೊತೆ 'ಬೇಡ' ಅಂದ ಸಂದರ್ಭಗಳ ಪಟ್ಟಿ ಮಾಡಲು ಕೂತಿದ್ದೇವೆ. ನನಗೆ ಗೊತ್ತೇ ಇಲ್ಲದ ಎಷ್ಟೋ ವಿಷಯ ಹೊರಬರುತ್ತಿದೆ. ವಿಶೇಷ ಷೇರಿನ ಮಾತು ಅವರಿಗೂ ಹಿಡಿಸಿದೆ.

ಪರೀಕ್ಷಾ ಮೇಜಿನವರಿಗೆ ಒಂದು ಪ್ರಶ್ನೆ. ಮಾರಾಟದ ಮುಖ್ಯಸ್ಥರ ಬೋನಸ್ ಇವತ್ತು ಪೂರ್ತಿಯಾಗಿ ಹೊಸ ಪಂಪ್ ಮಾರಾಟದ ಮೇಲೆ ನಿಂತಿದೆ. ಹಾಗಿರುವಾಗ ಅವರು ಬಿಡಿಭಾಗ ನಿಲ್ಲಿಸಿ ಅನ್ನುವುದು ಸಹಜ. ಅವರು ಕೆಲಸದಲ್ಲಿ ನಿಷ್ಠರು, ಅವರನ್ನು ಕಳೆದುಕೊಳ್ಳಲು ನನಗೆ ಇಷ್ಟ ಇಲ್ಲ. ಏನು ಬದಲಿಸಲಿ?

---

ಪರೀಕ್ಷಾ ಮೇಜು ಬರೆದದ್ದು:

ಅವರ ಗುಣದ ಬಗ್ಗೆ ನೀವು ಹೇಳಿದ್ದು ಓದಿ ಸಂತೋಷವಾಯಿತು. ಇಲ್ಲಿ ಬದಲಾಗಬೇಕಾದ್ದು ಅವರ ಬೋನಸ್ಸಿನ ಸೂತ್ರ.

ಮಾರಾಟದ ಸಂಖ್ಯೆ ಇರಲಿ, ಪೂರ್ತಿ ತೆಗೆಯಬೇಡಿ. ಹೊಸ ಮಾದರಿಗೆ ಹಣ ಬರುವುದು ಅಲ್ಲಿಂದಲೇ. ಅದರ ಪಕ್ಕದಲ್ಲಿ, ನಾವು ಮಾರಿದ ಪಂಪ್‌ಗಳಲ್ಲಿ ಎಷ್ಟು ಇವತ್ತು ಸರಿಯಾಗಿ ಕೆಲಸ ಮಾಡುತ್ತಿವೆ ಅನ್ನುವುದನ್ನೂ ಸೇರಿಸಿ. ಹೊಸದು, ಹಳೆಯದು ಎರಡೂ. ಕೆಟ್ಟ ಪಂಪ್ ಎಷ್ಟು ದಿನದಲ್ಲಿ ಮತ್ತೆ ಹಾಸಿಗೆ ಪಕ್ಕಕ್ಕೆ ಹೋಯಿತು ಅಂತಲೂ ನೋಡಬಹುದು. ಆಗ ಬಿಡಿಭಾಗದ ದಾಸ್ತಾನು ಅವರ ಕೆಲಸಕ್ಕೇ ಬೇಕಾದ ವಸ್ತು ಆಗುತ್ತದೆ. ಸೂತ್ರವನ್ನು ನೀವೇ ಬರೆದು ಕೈಗೆ ಕೊಡಬೇಡಿ, ಅವರನ್ನೂ ಕೂರಿಸಿಕೊಂಡು ಬರೆಯಿರಿ. ಅಂಥ ಸಂಖ್ಯೆಗಳನ್ನು ಹೇಗೆಲ್ಲ ತಿರುಚಬಹುದು ಅಂತ ಮಾರಾಟದವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅದನ್ನೂ ಕೇಳಿ, ಆ ದಾರಿ ಮೊದಲೇ ಮುಚ್ಚಿ.

ಹೂಡಿಕೆದಾರರ ಮುಂದೆ ಬಿಡಿಭಾಗವನ್ನು ದಾನದ ಹಾಗೆ ಇಡಬೇಡಿ. ಹಳೆಯ ಪಂಪ್ ಇಟ್ಟುಕೊಂಡ ಆಸ್ಪತ್ರೆಗಳಲ್ಲಿ ಎಷ್ಟು ಕಡೆಯವರು ಮುಂದಿನ ಸಲ ನಿಮ್ಮ ಹತ್ತಿರವೇ ಕೊಂಡರು ಅಂತ ಕಡತ ತೆಗೆಸಿ ನೋಡಿ. ನಷ್ಟದ ವಿಭಾಗ ಅಂತ ಕರೆಯುವಾಗ ಆ ಸಂಖ್ಯೆ ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಇಂಟರ್‌ಫೇಸ್ ಅನ್ನುವ ನೆಲಹಾಸಿನ ಕಂಪನಿಯಲ್ಲಿ ರೇ ಆಂಡರ್ಸನ್ 1994ರಲ್ಲಿ ಪರಿಸರಕ್ಕೆ ಹಾನಿ ಮಾಡುವುದನ್ನು ನಿಲ್ಲಿಸುತ್ತೇವೆ ಅಂತ ಗುರಿ ಇಟ್ಟಾಗಲೂ, ಅವರ ಜನ ಮೊದಲು ಕೈ ಹಾಕಿದ್ದು ಪೋಲಾಗುವ ಸಾಮಗ್ರಿಗೆ. ಅದರಲ್ಲಿ ಉಳಿದ ಹಣ ಮುಂದಿನ ಕೆಲಸಕ್ಕೆ ಒದಗಿತು. ಆಂಡರ್ಸನ್ 2011ರಲ್ಲಿ ತೀರಿಕೊಂಡರು. ಗುರಿ ಮುಟ್ಟಿದ್ದೇವೆ ಅಂತ ಕಂಪನಿ 2019ರಲ್ಲಿ ಹೇಳಿತು, ಅಷ್ಟು ಹೊತ್ತಿಗೆ ಅಲ್ಲಿ ಚುಕ್ಕಾಣಿ ಹಿಡಿದಿದ್ದವರು ಬೇರೆಯವರು.

ಆದರೆ ಲೆಕ್ಕ ಹಾಕಿ ನೋಡಿದ ಮೇಲೂ ನಷ್ಟವೇ ಬಂತು ಅಂದುಕೊಳ್ಳಿ. ಆಗ ಅದನ್ನು ಮುಚ್ಚಿಡಬೇಡಿ. ವರ್ಷಕ್ಕೆ ಇಷ್ಟು ನಮ್ಮ ಉದ್ದೇಶದ ಖರ್ಚು, ಇದನ್ನು ಒಪ್ಪುವವರು ಮಾತ್ರ ಬನ್ನಿ ಅಂತ ಒಪ್ಪಂದದ ಮೊದಲ ಪುಟದಲ್ಲೇ ಹಾಕಿ. ಅದಕ್ಕೆ ಹೂಡಿಕೆದಾರರು ಎದ್ದು ಹೋದರೆ, ಸಹಿಯ ಮುಂಚೆಯೇ ಹೋಗಿದ್ದು ಒಳ್ಳೆಯದಾಯಿತು. ಇನ್ನೊಬ್ಬರನ್ನು ಹುಡುಕಲು ಸ್ಥಾಪಕಿ ಇನ್ನೂ ನಿಮ್ಮ ಜೊತೆ ಇದ್ದಾರಲ್ಲ.

ಬೋನಸ್ ಸೂತ್ರದ ಕರಡು ಆದಾಗ ಇಲ್ಲಿ ಹಾಕಿ. ಪಂಪ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಯಾರು, ಹೇಗೆ ಅಳೆಯಬೇಕು ಅನ್ನುವ ಭಾಗವನ್ನು ನಾನು ನೋಡಿಕೊಡುತ್ತೇನೆ.